ಕೆಮಿಸ್ಟ್ರಿ ಮೇಡಂ ಆಗುವ ಆಸೆ, ಮನೆಯಲ್ಲಿ ಕಂಪ್ಯೂಟರ್ ಸೈನ್ಸ್ ಅಂತಾರೆ. ಯಾವ ಡಿಗ್ರಿ ಸೇರಲಿ?

ಜಗಳೂರು ಹುಡುಗಿ:
ಎಲ್ಲರಿಗೂ ನಮಸ್ಕಾರ. ನಾನು ಜಗಳೂರು ತಾಲ್ಲೂಕಿನವಳು. ಈ ವರ್ಷ ಪಿಯುಸಿ ಮುಗಿಯಿತು, ಪಿಸಿಎಂಬಿ (ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ, ಬಯಾಲಜಿ). ಸಿಇಟಿ ರ‍್ಯಾಂಕ್ ಸುಮಾರಾಗಿ ಬಂದಿದೆ, ದಾವಣಗೆರೆಯಲ್ಲೇ ಎಲ್ಲಾದರೂ ಇಂಜಿನಿಯರಿಂಗ್ ಸೀಟು ಸಿಗಬಹುದು ಅಂತ ನಮ್ಮ ಲೆಕ್ಚರರ್ ಹೇಳಿದರು. ಅಪ್ಪನಿಗೆ ನನ್ನನ್ನು ಕಂಪ್ಯೂಟರ್ ಸೈನ್ಸ್ ಓದಿಸುವ ಆಸೆ. ನನಗೆ ಕೆಮಿಸ್ಟ್ರಿ ಅಂದರೆ ಇಷ್ಟ, ಪಾಠ ಹೇಳುವುದೂ ಇಷ್ಟ, ಈಗಲೂ ಸಂಜೆ ಊರಿನ ಹೈಸ್ಕೂಲ್ ಮಕ್ಕಳಿಗೆ ಹೇಳಿಕೊಡುತ್ತೇನೆ. ಬಿ.ಎಸ್ಸಿ. ಅಂದರೆ "ಅದನ್ನ ಓದಿ ಏನ್ ಮಾಡ್ತೀಯಾ" ಅಂತ ಮನೆಯಲ್ಲಿ ಒಂದೇ ಮಾತು. ನಮ್ಮದು ಮೆಕ್ಕೆಜೋಳ, ಈರುಳ್ಳಿ, ಮಳೆ ನಂಬಿದ ಬೇಸಾಯ. ಜಾಸ್ತಿ ಸಾಲ ಮಾಡಿಸುವುದಕ್ಕೆ ನನಗೆ ಮನಸ್ಸಿಲ್ಲ. ಏನು ಮಾಡಲಿ?

ದುರ್ಗದ ಟೀಚರ್:
ತಂಗೀ, ಮೊದಲು ಕೋರ್ಸ್ ಹೆಸರು ಪಕ್ಕಕ್ಕಿಡು. ನಿನಗೆ ಬೇಕಾದ ಕೆಲಸದ ಹಳೆಯ ನೇಮಕಾತಿ ನೋಟಿಫಿಕೇಶನ್ ಹುಡುಕಿ ತೆಗೆದು, ಅದರಲ್ಲಿ ವಿದ್ಯಾರ್ಹತೆ ಅಂತ ಇರುವ ಭಾಗವನ್ನು ಒಂದೊಂದೇ ಸಾಲು ಓದು. ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕುತ್ತಾ ಬಂದರೆ ಡಿಗ್ರಿ ತಾನಾಗಿ ಗೊತ್ತಾಗುತ್ತದೆ.

ಹೈಸ್ಕೂಲ್ ಟೀಚರ್ ಆಗಬೇಕಾದರೆ ಡಿಗ್ರಿ, ಆಮೇಲೆ 2 ವರ್ಷದ ಬಿ.ಎಡ್. ಪಿಯು ಕಾಲೇಜಿಗೆ ಎಂ.ಎಸ್ಸಿ. ಮತ್ತು ಬಿ.ಎಡ್. ಎರಡೂ ಬೇಕು. ಡಿಗ್ರಿ ಕಾಲೇಜಿನಲ್ಲಿ ಅಸಿಸ್ಟೆಂಟ್ ಪ್ರೊಫೆಸರ್ ಆಗಲು ಎಂ.ಎಸ್ಸಿ.ಯಲ್ಲಿ ಶೇ. 55 ಅಂಕ, ಜೊತೆಗೆ ನೆಟ್ ಅಥವಾ ಕೆ-ಸೆಟ್ ಅನ್ನುವ ಅರ್ಹತಾ ಪರೀಕ್ಷೆ ಪಾಸಾಗಿರಬೇಕು. 6ರಿಂದ 8ನೇ ತರಗತಿಗೆ ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆ ಬೇಕು.

ತುಂಬಾ ಮಕ್ಕಳು ಗಮನಿಸದೇ ಇರುವುದು ಕಾಂಬಿನೇಶನ್, ಅಂದರೆ ಡಿಗ್ರಿಯಲ್ಲಿ ಯಾವ ಯಾವ ವಿಷಯ ಒಟ್ಟಿಗೆ ತಗೊಳ್ಳುತ್ತೀಯ ಅನ್ನುವುದು. ಹೈಸ್ಕೂಲ್ ನೇಮಕಾತಿಯಲ್ಲಿ ಪಿಸಿಎಂ (ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ) ಹುದ್ದೆ ಬೇರೆ, ಸಿಬಿಝೆಡ್ (ಕೆಮಿಸ್ಟ್ರಿ, ಬಾಟನಿ, ಝೂವಾಲಜಿ) ಹುದ್ದೆ ಬೇರೆ. ನಿನ್ನ ಕೆಮಿಸ್ಟ್ರಿ ಎರಡರಲ್ಲೂ ಇದೆ, ಆದರೆ ಜೊತೆಗೆ ಗಣಿತ ತಗೊಂಡೆಯೋ ಬಯಾಲಜಿ ತಗೊಂಡೆಯೋ ಅನ್ನುವುದರ ಮೇಲೆ ನೀನು ಯಾವ ಹುದ್ದೆಗೆ ಅರ್ಜಿ ಹಾಕಬಹುದು ಅನ್ನುವುದು ನಿಂತಿರುತ್ತದೆ. ಅಡ್ಮಿಷನ್ ದಿನ ಗೆಳತಿ ತಗೊಂಡಳು ಅಂತ ತಾನೂ ತಗೊಳ್ಳುವ ಮಕ್ಕಳನ್ನು ಕಂಡರೆ ನನಗೆ ಸಂಕಟವಾಗುತ್ತದೆ. 2024-25ರಿಂದ ನಮ್ಮ ರಾಜ್ಯದಲ್ಲಿ ಮತ್ತೆ 3 ವರ್ಷದ ಡಿಗ್ರಿ, ಮೂರು ಮುಖ್ಯ ವಿಷಯ. ಆದ್ದರಿಂದ ಸೇರುವ ದಿನವೇ ಈ ಮೂರು ಯಾವುವು ಅಂತ ನಿನ್ನ ಹತ್ತಿರ ಉತ್ತರ ಇರಬೇಕು.

ಎಂ.ಎಸ್ಸಿ.ಗೆ ದೂರ ಹೋಗಬೇಕಾಗಿಲ್ಲ. ತೋಳಹುಣಸೆಯಲ್ಲಿ ದಾವಣಗೆರೆ ವಿಶ್ವವಿದ್ಯಾನಿಲಯ ಇದೆ.

ಯುಬಿಡಿಟಿ ಹಳೆಯ ವಿದ್ಯಾರ್ಥಿ:
ಟೀಚರ್ ಹೇಳಿದ್ದು ಸರಿ, ಆದರೆ ನಿಮ್ಮ ತಂದೆಯ ಭಯವನ್ನೂ ತಳ್ಳಿಹಾಕಬೇಡಿ. ಶಿಕ್ಷಕರ ನೇಮಕಾತಿ ವರ್ಷವರ್ಷ ಆಗುವುದಿಲ್ಲ. 2022ರಲ್ಲಿ 6ರಿಂದ 8ನೇ ತರಗತಿಗೆ 15,000 ಹುದ್ದೆ ಕರೆದರು, ಹಾಗೆ ದೊಡ್ಡದಾಗಿ ಕರೆಯುವುದು ಅಪರೂಪ. ಮುಂದಿನ ನೇಮಕಾತಿ ಬರುವ ತನಕ ಖಾಸಗಿ ಶಾಲೆಯಲ್ಲಿ ಕಡಿಮೆ ಸಂಬಳಕ್ಕೆ ದುಡಿಯಬೇಕಾಗಬಹುದು. ಅದನ್ನು ತಡೆದುಕೊಳ್ಳುವ ಶಕ್ತಿ ಮನೆಗಿದೆಯಾ ಅಂತ ಅಪ್ಪನ ಜೊತೆ ಕೂತು ಮಾತಾಡಿ.

ಇನ್ನೊಂದು ಮಾತು. ಕಂಪ್ಯೂಟರ್ ಸೈನ್ಸ್ ಬಿ.ಇ. ಮಾಡಿ ಆಮೇಲೆ ಎಂ.ಎಸ್ಸಿ. ಕೆಮಿಸ್ಟ್ರಿ ಸೇರುತ್ತೇನೆ ಅಂದರೆ ಸಾಮಾನ್ಯವಾಗಿ ಆಗುವುದಿಲ್ಲ. ಬಿ.ಎಸ್ಸಿ. ಮಾಡಿ ಮನಸ್ಸು ಬದಲಾದರೆ ಎಂಸಿಎ (ಕಂಪ್ಯೂಟರ್ ವಿಷಯದ ಸ್ನಾತಕೋತ್ತರ ಡಿಗ್ರಿ) ಸೇರಬಹುದು, ಪಿಯುಸಿಯಲ್ಲೋ ಡಿಗ್ರಿಯಲ್ಲೋ ಗಣಿತ ಇದ್ದರೆ ಸಾಕು. ಕೆಎಎಸ್, ಎಫ್‌ಡಿಎ, ಬ್ಯಾಂಕ್ ಪಿಒ, ಇವಕ್ಕೆಲ್ಲ ಯಾವ ಡಿಗ್ರಿ ಆದರೂ ನಡೆಯುತ್ತದೆ. "ಬಿ.ಎಸ್ಸಿ. ಓದಿ ಏನ್ ಮಾಡ್ತೀಯಾ" ಅನ್ನುವುದಕ್ಕೆ ಇದೇ ಉತ್ತರ, ಅಪ್ಪನಿಗೆ ಹೀಗೇ ಬಿಡಿಸಿ ಹೇಳಿ.

ಇಂಜಿನಿಯರಿಂಗೇ ಅಂತಾದರೆ ಸರ್ಕಾರಿ ಸೀಟು ಸಿಕ್ಕರೆ ಮಾತ್ರ ಸೇರಿ. ಮ್ಯಾನೇಜ್‌ಮೆಂಟ್ ಸೀಟಿಗೆ ಹೊಲ ಅಡ ಇಡಿಸಬೇಡಿ, ದಯವಿಟ್ಟು. ಮನೆಯ ವರಮಾನ ವರ್ಷಕ್ಕೆ 8 ಲಕ್ಷದ ಒಳಗಿದ್ದರೆ ಎಸ್‌ಎನ್‌ಕ್ಯೂ ಸೀಟು ಅಂತ ಇದೆ, ಕಡಿಮೆ ವರಮಾನದವರಿಗಾಗಿ ಕೊಡುವ ಹೆಚ್ಚುವರಿ ಸೀಟು, ಅದರಲ್ಲಿ ಟ್ಯೂಷನ್ ಫೀಸ್ ಇರುವುದಿಲ್ಲ. ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಮೀಸಲಾತಿಯನ್ನೂ ಬಿಡಬೇಡಿ.

ಬಬ್ಬೂರು ಫಾರಂ:
ರೈತರ ಮಗಳು, ಪಿಸಿಎಂಬಿ ಬೇರೆ, ಆದರೂ ಅಗ್ರಿ ಬಗ್ಗೆ ಯಾರೂ ಹೇಳಲಿಲ್ಲವಲ್ಲ! ಬಿ.ಎಸ್ಸಿ. ಕೃಷಿ, ತೋಟಗಾರಿಕೆ ಎರಡೂ 4 ವರ್ಷ. ಹಿರಿಯೂರಿನ ಬಬ್ಬೂರು ಫಾರಂನಲ್ಲೇ ತೋಟಗಾರಿಕೆ ಕಾಲೇಜಿದೆ. ಕೃಷಿಕರ ಕೋಟಾ ಇದೆ, ಅದಕ್ಕೆ ಪ್ರಾಕ್ಟಿಕಲ್ ಪರೀಕ್ಷೆ ಬರೆದಿರಬೇಕು, ಬರೆದಿದ್ದೀರಾ? ಕೃಷಿ ಅಧಿಕಾರಿ, ಬ್ಯಾಂಕಿನ ಕೃಷಿ ಫೀಲ್ಡ್ ಆಫೀಸರ್ ಹುದ್ದೆಗೆಲ್ಲ ಕೃಷಿ ಮತ್ತು ಅದಕ್ಕೆ ಸಂಬಂಧಿಸಿದ ಓದಿನವರಿಗೆ ಅವಕಾಶ. ಮಣ್ಣು, ಗೊಬ್ಬರ, ಔಷಧಿ ಎಲ್ಲದರಲ್ಲೂ ಕೆಮಿಸ್ಟ್ರಿ ಬರುತ್ತದೆ. ಮುಂದೆ ಪಾಠ ಹೇಳುವ ಆಸೆ ಇದ್ದರೆ ಕೃಷಿ ವಿಶ್ವವಿದ್ಯಾಲಯಗಳಲ್ಲೂ ದಾರಿ ಇದೆ.

ಜಗಳೂರು ಹುಡುಗಿ:
ಎಲ್ಲರಿಗೂ ಥ್ಯಾಂಕ್ಸ್. ಪ್ರಾಕ್ಟಿಕಲ್ ಬರೆದಿಲ್ಲ ಅಣ್ಣ, ಅದು ಇರುವುದೇ ಗೊತ್ತಿರಲಿಲ್ಲ. ಎಂಸಿಎ ವಿಷಯ ಹೇಳಿದ ಮೇಲೆ ಅಪ್ಪ ಸ್ವಲ್ಪ ಮೆತ್ತಗಾಗಿದ್ದಾರೆ. ಟೀಚರ್, ಪಿಸಿಎಂ ತಗೊಳ್ಳಲಾ, ಸಿಬಿಝೆಡ್ ತಗೊಳ್ಳಲಾ? ನನಗೆ ಗಣಿತ ಕಷ್ಟ ಏನಲ್ಲ, ಇಷ್ಟವೂ ಅಷ್ಟಕ್ಕಷ್ಟೇ.

ದುರ್ಗದ ಟೀಚರ್:
ಕಷ್ಟ ಇಲ್ಲ ಅಂದರೆ ಪಿಸಿಎಂ ತಗೋ. ಹೈಸ್ಕೂಲಿನಲ್ಲಿ ಗಣಿತವನ್ನೂ ನೀನೇ ಹೇಳಬೇಕಾಗುತ್ತದೆ, ಅದಕ್ಕೆ ಮನಸ್ಸು ಮಾಡಿಕೋ. ಸೇರುವ ಮೊದಲು ಆ ಕಾಲೇಜಿಗೆ ಹೋಗಿ ಕೆಮಿಸ್ಟ್ರಿ ಲ್ಯಾಬ್ ನೋಡಿ ಬಾ, ಸೀನಿಯರ್ ಹುಡುಗಿಯರನ್ನು ಹಿಡಿದು ವಾರಕ್ಕೆ ಎಷ್ಟು ಪ್ರಾಕ್ಟಿಕಲ್ ನಿಜವಾಗಿ ನಡೆಯುತ್ತದೆ, ಕಾಯಂ ಲೆಕ್ಚರರ್ ಎಷ್ಟು ಜನ ಇದ್ದಾರೆ ಅಂತ ಕೇಳು. ಹಾಸ್ಟೆಲ್ ಅರ್ಜಿಯನ್ನು ಅಡ್ಮಿಷನ್ ಆದ ಕೂಡಲೇ ಹಾಕು, ಸ್ಕಾಲರ್‌ಶಿಪ್ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ (ರಾಜ್ಯ ಸರ್ಕಾರದ ವಿದ್ಯಾರ್ಥಿವೇತನದ ವೆಬ್‌ಸೈಟ್). ಜಾತಿ, ಆದಾಯ ಪ್ರಮಾಣಪತ್ರ ಹಳೆಯದಾಗಿದ್ದರೆ ಈ ವಾರವೇ ನಾಡಕಚೇರಿಗೆ ಹೋಗಿ ಹೊಸದು ಮಾಡಿಸಿಕೋ.