ಪದಚರ್ಚೆ: ‘ಫೂಟೇಜ್’ಗೆ ‘ರಾಶಿ’ ಅಂದರೆ ನಡೆಯುತ್ತದೆಯೇ?

ಬಳಗದ ಎಲ್ಲರಿಗೂ ನಮಸ್ಕಾರ.

ಒಂದು ಪದ ಬೇಕಾಗಿದೆ. ‘ಫೂಟೇಜ್’, ಅಂದರೆ ಚಿತ್ರಕ್ಕೆಂದು ಹಿಡಿದು ಇನ್ನೂ ಕತ್ತರಿಸದೆ ಇಟ್ಟದ್ದು, ಅದನ್ನು ಕನ್ನಡದಲ್ಲಿ ಹೇಗೆ ಬರೆಯುವುದು? ಮಾತಿನಲ್ಲಾದರೆ ಫೂಟೇಜ್, ರಶಸ್ ಎಂದುಕೊಂಡೇ ಕೆಲಸ ಸಾಗುತ್ತದೆ, ಅದರ ಬಗ್ಗೆ ನನಗೆ ತಕರಾರಿಲ್ಲ. ಈಗ ಬೇಕಾಗಿರುವುದು ಒಂದು ಒಪ್ಪಿಗೆ ಪತ್ರಕ್ಕೆ. ಸಹಿ ಹಾಕಬೇಕಾದವರು ಗದಗ ಜಿಲ್ಲೆಯ ಒಂದು ಹಳ್ಳಿಯ ಅಜ್ಜ. ಓದಿ ಹೇಳಿದರೆ ಅವರಿಗೆ ತಿಳಿಯಬೇಕು. ನಾಳೆ ಯಾರಾದರೂ ವಕೀಲರು ಓದಿದರೆ ಬೇರೆ ಅರ್ಥ ಹೊಳೆಯಬಾರದು.

ನಾನು ಸಣ್ಣಪುಟ್ಟ ಸಾಕ್ಷ್ಯಚಿತ್ರ ಮಾಡುವವನು. ದುಡ್ಡು ಹಾಕುವವನು, ಕ್ಯಾಮೆರಾದವನು, ಸೌಂಡಿನವನು, ಡ್ರೈವರು ಎಲ್ಲ ನಾನೇ. ಪಿಯುಸಿ ಮುಗಿಸಿ ಮನೆಯಲ್ಲಿರುವ ಅಕ್ಕನ ಮಗ ಬ್ಯಾಗು ಹೊರುತ್ತಾನೆ. ಸಾಮಾನು ಬೈಕಿನ ಮೇಲೆ ಹೋಗುವಷ್ಟೇ: ಒಂದು ಕ್ಯಾಮೆರಾ, ಎರಡು ಲೆನ್ಸು, ಟ್ರೈಪಾಡು, ಎರಡು ಕಾಲರ್ ಮೈಕು, ಗಾಳಿ ಸದ್ದು ಹೊಗದಂತೆ ತುಪ್ಪಳದ ಗವಸು ತೊಡಿಸಿದ ಒಂದು ಉದ್ದನೆಯ ಮೈಕು. (ಆ ತುಪ್ಪಳದ್ದನ್ನು ಊರ ಹುಡುಗರು ಮೊದಲ ದಿನವೇ ‘ಕರಡಿ ಮರಿ’ ಮಾಡಿದರು. ಈಗ ನಾವೂ ಹಾಗೇ ಅನ್ನುತ್ತೇವೆ. ಅದಕ್ಕೆ ಯಾವ ಚರ್ಚೆಯೂ ಬೇಕಾಗಲಿಲ್ಲ.) ಈ ಸಲ ಹಿಡಿಯುತ್ತಿರುವುದು ಹಂತಿ ಪದಗಳನ್ನು. ಕಣದಲ್ಲಿ ಮೇಟಿಯ (ನಡುವೆ ನೆಟ್ಟ ಕಂಬದ) ಸುತ್ತ ಎತ್ತು ತಿರುಗಿಸಿ ಜೋಳದ ತೆನೆ ತುಳಿಸುವಾಗ ನಿದ್ದೆ ಬರದಿರಲೆಂದು ಹಾಡುತ್ತಿದ್ದ ಹಾಡುಗಳು. ಈಗ ಮಷೀನು ಬಂದಿದೆ, ಎತ್ತು ಕಡಿಮೆಯಾಗಿವೆ, ಹಾಡು ಅಜ್ಜನಂಥವರ ನಾಲಗೆಯ ಮೇಲಷ್ಟೇ ಉಳಿದಿದೆ.

ಮೂರು ದಿನದಲ್ಲಿ ಆರು ತಾಸು ಹಿಡಿದೆ. ಕೊನೆಯ ಸಂಜೆ ಟ್ರೈಪಾಡು ಮಡಚುತ್ತಿದ್ದಾಗ ಅಜ್ಜ ಕೇಳಿದರು:

“ಇಷ್ಟೆಲ್ಲಾ ಹಿಡದ್ರೆಲ್ಲ, ಇದರಾಗ ಎಷ್ಟ ತೋರಸ್ತೀರಿ?”

“ಹನ್ನೆರಡ ನಿಮಿಷ ರೀ ಅಜ್ಜಾರ.”

“ಉಳದದ್ದು?”

“ಅದೆಲ್ಲಾ ರಶಸ್ ರೀ. ಕುಂತ ನೋಡಿ ಬೇಕಾದ್ದಷ್ಟ ಆರಿಸ್ಕೋಬೇಕು.”

“ರಾಶಿ ಅನ್ರಿ ಮತ್ತ. ಇನ್ನಾ ತೂರೂದೈತಿ.”

ಅವರು ತಮಾಷೆ ಮಾಡಲಿಲ್ಲ. ಕಿವಿಗೆ ಬಿದ್ದದ್ದು ರಾಶಿ, ನಾನು ವಿವರಿಸಿದ ಕೆಲಸವೂ ರಾಶಿಯದೇ. ತುಳಿಸಿ ಕೂಡಿಹಾಕಿದ್ದು, ಹೊಟ್ಟು ಕಾಳು ಎರಡೂ ಒಟ್ಟಿಗಿರುವುದು, ಗಾಳಿ ನೋಡಿ ತೂರಬೇಕಾದದ್ದು. ಎಡಿಟಿಂಗ್ ಟೇಬಲ್ಲಿನ ಕೆಲಸವನ್ನು ‘ಸಂಕಲನ’ ಅನ್ನುತ್ತೇವಲ್ಲ, ಅದರ ಅರ್ಥ ಕೂಡಿಸುವುದು. ನಾನು ದಿನವಿಡೀ ಮಾಡುವುದು ತೂರುವುದನ್ನೇ.

ಫೂಟೇಜ್ ಎಂಬುದು ಅಡಿ ಲೆಕ್ಕದ ಮಾತು. 35 ಎಂಎಂ ಫಿಲ್ಮಿನ ಒಂದು ಅಡಿಯಲ್ಲಿ 16 ಫ್ರೇಮು. ಸೆಕೆಂಡಿಗೆ 24 ಓಡಿದರೆ ನಿಮಿಷಕ್ಕೆ 90 ಅಡಿ, 1000 ಅಡಿಯ ಡಬ್ಬ ಹನ್ನೊಂದು ನಿಮಿಷಕ್ಕೆ ಖಾಲಿ. ಒಂದೊಂದು ಅಡಿಗೂ ದುಡ್ಡು ಕೊಟ್ಟಿರುತ್ತಿದ್ದರಿಂದ ರಿಹರ್ಸಲ್ ಮಾಡಿ ಮಾಡಿ ಓಡಿಸುತ್ತಿದ್ದರು. ಹಳೆಯ ಸಿನಿಮಾಗಳ ಸೆನ್ಸಾರ್ ಪ್ರಮಾಣಪತ್ರದಲ್ಲೂ ಚಿತ್ರ ಎಷ್ಟು ಉದ್ದ, ಎಷ್ಟು ರೀಲು ಎಂದೇ ಇರುತ್ತಿತ್ತು. ಲ್ಯಾಬಿನಲ್ಲಿ ಅವಸರವಾಗಿ ತೊಳೆದು ಪ್ರಿಂಟು ಹಾಕಿ ಮರುದಿನ ನೋಡಲು ಕೊಡುತ್ತಿದ್ದದ್ದು ‘ರಶಸ್’, ಅಂದರೆ ಅವಸರದ್ದು. ನನ್ನ ಕ್ಯಾಮೆರಾದಲ್ಲಿ ಅಡಿಯೂ ಇಲ್ಲ, ತೊಳೆಯುವುದೂ ಇಲ್ಲ. ಸೆಕೆಂಡಿಗೆ 100 ಮೆಗಾಬಿಟ್ಟಿನಂತೆ ತಾಸಿಗೆ 45 ಜಿಬಿ, ಆರು ತಾಸಿಗೆ 270, ಎರಡು ಡ್ರೈವಿಗೆ ಹಾಕಿಟ್ಟರೆ 540. ವಸ್ತು ಹೋದರೂ ಹೆಸರು ಉಳಿಯುವುದು ಇಂಗ್ಲಿಷಿನವರ ಸೊತ್ತೇನಲ್ಲ. ಕ್ಯಾಸೆಟ್ಟು ಹೋಗಿ ಸಿಡಿ ಬಂದ ಮೇಲೂ ನಮ್ಮ ಆಹ್ವಾನ ಪತ್ರಿಕೆಗಳಲ್ಲಿ ‘ಧ್ವನಿಸುರುಳಿ ಬಿಡುಗಡೆ’ ನಡೆಯುತ್ತಲೇ ಇತ್ತು.

ಚಲಾವಣೆಯಲ್ಲಿರುವ ಪದಗಳನ್ನು ಒರೆಗೆ ಹಚ್ಚಿ ನೋಡಿದ್ದೇನೆ. ಪತ್ರಿಕೆಯವರ ‘ದೃಶ್ಯಾವಳಿ’ ಸಿಸಿಟಿವಿಗೆ ಅಂಟಿಕೊಂಡುಬಿಟ್ಟಿದೆ; ಅಜ್ಜನ ಮುಂದೆ ಓದಿದರೆ ಪೊಲೀಸರು ಬಂದಂತಿರುತ್ತದೆ. ಮೇಲಾಗಿ ನಾನು ಬರೀ ದನಿ ಹಿಡಿದದ್ದೂ ಇದೆ. ‘ತುಣುಕು’ ಕತ್ತರಿಸಿದ ಮೇಲಿನ ಮಾತು, ನನಗೆ ಬೇಕಾದದ್ದು ಕತ್ತರಿಸುವ ಮುಂಚಿನದ್ದು. ‘ಕಚ್ಚಾ ಚಿತ್ರಿಕೆ’ ಅಂದರೆ ಅದೇನೆಂದು ಮತ್ತೆ ವಿವರಿಸಬೇಕು. ‘ರೀಲು’ ಎಲ್ಲರಿಗೂ ಗೊತ್ತು, ಗೊತ್ತಿರುವುದೇ ತೊಂದರೆ: ರೀಲು ಬಿಡುವುದು ಸುಳ್ಳು ಹೇಳುವುದಾಯಿತು, ರೀಲ್ಸ್ ಮಾಡುವುದು ಕುಣಿಯುವುದಾಯಿತು. ಸತ್ಯ ಹಿಡಿದಿದ್ದೇನೆ ಅನ್ನುವ ಪತ್ರದಲ್ಲಿ ಅದನ್ನು ಬರೆಯಲಾರೆ.

ಸಿನಿಮಾದವರಿಗೆ ಕನ್ನಡ ಕಟ್ಟಲು ಬರುವುದಿಲ್ಲ ಎಂದು ಯಾರೂ ತಿಳಿಯಬೇಡಿ. ‘ಚಿತ್ರ ಸೆಟ್ಟೇರಿತು’ ಅನ್ನುವಷ್ಟು ಸಲೀಸಾದ ಕ್ರಿಯಾಪದವನ್ನು ಯಾವ ಪದಸಮಿತಿ ಕೊಟ್ಟೀತು? ಚಿತ್ರೀಕರಣ ಮುಗಿಯಿತು ಅನ್ನುವುದಕ್ಕೆ ‘ಕುಂಬಳಕಾಯಿ ಒಡೆದೆವು’. ಬಿಡುಗಡೆ ಕಾಣದಿದ್ದರೆ ‘ಡಬ್ಬದಲ್ಲೇ ಉಳಿಯಿತು’. ಇವೆಲ್ಲ ಕೆಲಸದ ಮಧ್ಯೆ ಹುಟ್ಟಿದವು.

ಕೆಲಸದ ಮಧ್ಯೆ ಹುಟ್ಟಿದ ಇನ್ನೊಂದು ನನಗೆ ಪೆಟ್ಟನ್ನೂ ಕೊಟ್ಟಿದೆ. ಕಾರ್ಡಿನಿಂದ ಲ್ಯಾಪ್‌ಟಾಪಿಗೆ ತುಂಬಿಸಿಕೊಳ್ಳುವುದನ್ನು ಯೂನಿಟ್ಟುಗಳಲ್ಲಿ ‘ಡಂಪ್’ ಅನ್ನುತ್ತಾರೆ. ಕಸ ಸುರಿದಂತೆ ಕೇಳಿಸುತ್ತದೆಂದು ನಾನು ‘ಇಳಿಸು’ ರೂಢಿ ಮಾಡಿಸಿದ್ದೆ. ಎರಡನೇ ದಿನ ಪಕ್ಕದ ಹೊಲದಲ್ಲಿ ಮಷೀನು ಭರ್ರೋ ಎನ್ನುತ್ತಿತ್ತು. “ಕಾರ್ಡ್ ಇಳಸೋ” ಎಂದು ಕೂಗಿದೆ. ಹುಡುಗ ಕೇಳಿಸಿಕೊಂಡದ್ದು “ಅಳಸೋ”. “ಆತು ಮಾಮಾ” ಅಂದ, ಫಾರ್ಮ್ಯಾಟ್ ಮಾಡಿದ. ಅದರಲ್ಲಿ ಇಪ್ಪತ್ತೆರಡು ನಿಮಿಷದ ಹಾಡಿತ್ತು. ಫಾರ್ಮ್ಯಾಟ್ ಮಾಡಿದಾಗ ಕಾರ್ಡಿನ ಪಟ್ಟಿಯಷ್ಟೇ ಅಳಿಯುವುದು, ಮೇಲೆ ಹೊಸದು ಬರೆಯುವವರೆಗೆ ಒಳಗಿನದು ಇರುತ್ತದೆ. ರಾತ್ರಿ ಕೂತು ರಿಕವರಿ ಸಾಫ್ಟ್‌ವೇರ್ ಓಡಿಸಿ ಹದಿನೇಳು ನಿಮಿಷ ವಾಪಸು ಪಡೆದೆ. ಒಂದು ಸ್ವರದ ಅಂತರಕ್ಕೆ ಐದು ನಿಮಿಷದ ಹಾಡು ಹೋಯಿತು. ಈಗ ನಮ್ಮಲ್ಲಿ ‘ತುಂಬಿಸು’. ಇದಕ್ಕಿಂತ ಚಲೋ ಪದವಿದ್ದರೆ ಅದನ್ನೂ ತಿಳಿಸಿ, ಆದರೆ ಗದ್ದಲದಲ್ಲಿ ಕೂಗಿ ನೋಡಿ ಆಮೇಲೆ ಬರೆಯಿರಿ.

ಕಣದಲ್ಲಿ ಪದಕ್ಕೆ ಎಷ್ಟು ಬೆಲೆ ಅನ್ನುವುದಕ್ಕೆ ಇನ್ನೊಂದು. ನಾನು ಕೈ ಚಪ್ಪಾಳೆ ತಟ್ಟಿ “ಟೇಕ್ ಒಂದು” ಎಂದಾಗ ಅಜ್ಜ ತಡೆದರು. ಕಾಳು ಅಳೆಯುವಾಗ ಮೊದಲನೆಯದನ್ನು ಒಂದು ಅನ್ನುವುದಿಲ್ಲ, ‘ಲಾಭ’ ಅನ್ನಬೇಕು. ನನ್ನ ಮೊದಲ ಟೇಕುಗಳೆಲ್ಲ ಈಗ ‘ಲಾಭ’ ಎಂದೇ ಶುರುವಾಗುತ್ತವೆ.

ಇನ್ನು ತೊಡಕಿಗೆ ಬರುತ್ತೇನೆ. ಪತ್ರದಲ್ಲಿ “ಈ ಮೂರು ದಿನ ಹಿಡಿದ ರಾಶಿಯನ್ನೆಲ್ಲ ಚಿತ್ರಕ್ಕೆ ಬಳಸಿಕೊಳ್ಳಲು ನನ್ನ ಒಪ್ಪಿಗೆ ಇದೆ” ಎಂದು ಬರೆದು ಒಯ್ದೆ. ಅಜ್ಜ ತಲೆಯಾಡಿಸಿದರು. ಅವರ ಮಗ ಹಾಳೆ ಕೈಗೆ ತೆಗೆದುಕೊಂಡರು: “ರಾಶಿ ಬರಕೊಟ್ಟೇವಿ ಅಂತ ಸಹಿ ಮಾಡಿದ್ರ, ನಾಳೆ ಟ್ರ್ಯಾಕ್ಟರ್ ತಂದು ಜೋಳಾ ಹೇರ್ಕೊಂಡ ಹೊಂಟ್ರ ಏನ್ ಮಾಡೂದ್ರಿ?” ನಕ್ಕರು, ಸಹಿ ಮಾತ್ರ ಮಾಡಿಸಲಿಲ್ಲ. ಅವರು ಹೇಳಿದ್ದು ಸರಿ. ‘ಚಿತ್ರರಾಶಿ’ ಎಂದು ತಿದ್ದಿದೆ. ಅಜ್ಜ ಹೇಳಿದರು, “ಚಿತ್ತಿ ನಕ್ಷತ್ರ ಕನ್ಯಾರಾಶ್ಯಾಗ ಬರ್ತೈತಿ. ನಂದು ವೃಷಭ.”

ಗದಗ-ಧಾರವಾಡದಿಂದಾಚೆ ಈ ಪದ ಹೇಗೆ ಕೇಳಿಸುತ್ತದೆ ಎಂಬುದೂ ನನಗೆ ಬೇಕು. ಶಿರಸಿ ಕಡೆಯವರಿಗೆ ‘ರಾಶಿ’ ಅಂದರೆ ಬಹಳ. ಶಿವಮೊಗ್ಗದ ಮಂಡಿಯಲ್ಲಿ ಅದು ಬೆಟ್ಟೆ, ಗೊರಬಲುಗಳಂತೆ ಅಡಿಕೆಯ ಒಂದು ಬಗೆ. ಮೈಸೂರು, ಮಂಡ್ಯದ ಕಣಗಳಲ್ಲಿ ತೂರುವುದಕ್ಕೆ ಮುಂಚಿನ ಗುಡ್ಡೆಗೂ ತೂರಿದ ಮೇಲಿನ ಗುಡ್ಡೆಗೂ ಬೇರೆ ಬೇರೆ ಹೆಸರಿದ್ದರೆ ದಯವಿಟ್ಟು ಬರೆಯಿರಿ, ನನಗೆ ಮೊದಲನೆಯದು ಬೇಕು. ಯುಗಾದಿಗೆ ಮುಂಚೆ ಮತ್ತೆ ಹಳ್ಳಿಗೆ ಹೋಗುತ್ತಿದ್ದೇನೆ. ಸದ್ಯಕ್ಕೆ ಕರಡಿನಲ್ಲಿ ಆ ಜಾಗ ಖಾಲಿ ಬಿಟ್ಟಿದ್ದೇನೆ: “ಈ ಮೂರು ದಿನ ಹಿಡಿದ ________ಯನ್ನೆಲ್ಲ”. ವಿಭಕ್ತಿ ಪ್ರತ್ಯಯ ಬದಲಾದರೂ ಪರವಾಗಿಲ್ಲ.