ಚಿಕ್ಕಮ್ಮನ ಬಯಾಪ್ಸಿಯಲ್ಲಿ ಗರ್ಭಕೋಶದ ಸಾರ್ಕೋಮಾ ಕ್ಯಾನ್ಸರ್ ಅಂತ ಬಂದಿದೆ, ಕಾಯಬಹುದಾ?

ಸುಂಟಿಕೊಪ್ಪ ಹುಡುಗ:
ಚಿಕ್ಕಮ್ಮನಿಗೆ 46 ವರ್ಷ. ಫೈಬ್ರಾಯ್ಡ್ (ಕ್ಯಾನ್ಸರ್ ಅಲ್ಲದ ಗಡ್ಡೆ) ಅಂತ ಗರ್ಭಕೋಶ ತೆಗೆದರು, ಅಂಡಾಶಯ ಉಳಿಸಿದ್ದಾರೆ. ಈಗ ರಿಪೋರ್ಟ್‌ನಲ್ಲಿ ‘ಲೋ ಗ್ರೇಡ್ ಎಂಡೋಮೆಟ್ರಿಯಲ್ ಸ್ಟ್ರೋಮಲ್ ಸಾರ್ಕೋಮಾ, ಇಆರ್ ಪಿಆರ್ ಪಾಸಿಟಿವ್’ ಅಂತಿದೆ. ಗಡ್ಡೆ 4 ಸೆಂ.ಮೀ., ಹೊರಗೆ ಹರಡಿಲ್ಲವಂತೆ. ಭಾವ ಮೊಬೈಲ್ ನೋಡಿ, ಸಾರ್ಕೋಮಾ ಅಂದರೆ ಮುಗೀತು ಅಂತ ಮನೆಯವರನ್ನೆಲ್ಲ ಹೆದರಿಸಿದ್ದಾರೆ. ಚಿಕ್ಕಮ್ಮ ನೋಡಿದರೆ ಕಾಫಿ ಕೊಯ್ಲು ಮುಗಿಯಲಿ ಅಂತಾರೆ.

ಲ್ಯಾಬ್ ಮೇಜು:
ಸಾರ್ಕೋಮಾ ಅನ್ನೋದು ಒಂದೇ ಕಾಯಿಲೆ ಅಲ್ಲ. ಗರ್ಭಕೋಶದ ಸ್ನಾಯುವಿನಲ್ಲಿ ಹುಟ್ಟುವ ಲಿಯೋಮಯೋಸಾರ್ಕೋಮಾ ನಿಜಕ್ಕೂ ಜೋರಿನದು, ಮೊದಲ ಹಂತದಲ್ಲಿ ಸಿಕ್ಕರೂ ಮತ್ತೆ ಬರೋದು ಜಾಸ್ತಿ, ಶ್ವಾಸಕೋಶಕ್ಕೂ ಹೋಗುತ್ತದೆ. ನಿಮ್ಮದು ಒಳಪದರದ ಸ್ಟ್ರೋಮಾದ್ದು, ಅಂದರೆ ಆಧಾರ ಅಂಗಾಂಶದ್ದು, ಅದರಲ್ಲೂ ಲೋ ಗ್ರೇಡ್, ನಿಧಾನವಾಗಿ ಬೆಳೆಯುವಂಥದ್ದು. ಇಆರ್ ಪಿಆರ್ ಪಾಸಿಟಿವ್ ಅಂದರೆ ಈಸ್ಟ್ರೋಜನ್, ಪ್ರೊಜೆಸ್ಟರಾನ್ ಹಾರ್ಮೋನ್ ಹಿಡಿಯುವ ಗ್ರಾಹಕಗಳು ಗಡ್ಡೆಯಲ್ಲಿವೆ ಅಂತ. 5 ಸೆಂ.ಮೀ. ಒಳಗಿದ್ದು ಗರ್ಭಕೋಶ ದಾಟಿಲ್ಲ ಅಂದರೆ 2009ರ ಫಿಗೋ (ಸ್ತ್ರೀರೋಗ ತಜ್ಞರ ಅಂತರರಾಷ್ಟ್ರೀಯ ಒಕ್ಕೂಟ) ಪಟ್ಟಿ ಪ್ರಕಾರ 1ಎ ಹಂತ. ಲೋ ಗ್ರೇಡ್ ಮೊದಲ ಹಂತದಲ್ಲಿ ಸಿಕ್ಕವರಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಜನ 5 ವರ್ಷ ದಾಟುತ್ತಾರೆ. ಹೈ ಗ್ರೇಡ್ ಅನ್ನೋ ಗುಂಪು 2003ರ ಡಬ್ಲ್ಯುಎಚ್‌ಒ (ವಿಶ್ವ ಆರೋಗ್ಯ ಸಂಸ್ಥೆ) ಗಡ್ಡೆಗಳ ಪಟ್ಟಿಯಲ್ಲಿ ಇರಲೇ ಇಲ್ಲ, 2014ರಲ್ಲಿ ವಾಪಸ್ ಬಂತು. ಗುಂಪುಗಳೇ ಹೀಗೆ ಬದಲಾಗಿರುವಾಗ ಹಳೆ ಲೇಖನದ ಅಂಕಿ ಹಿಡಿದುಕೊಂಡು ಕೂರಬೇಡಿ.

ವಿರಾಜಪೇಟೆಯವಳು:
ಸುಮ್ನೆ ಧೈರ್ಯ ಹೇಳಬೇಡಿ. ನಮ್ಮ ಅತ್ತೆ ಒಂದು ವರ್ಷವೂ ಉಳಿಯಲಿಲ್ಲ.

ಲ್ಯಾಬ್ ಮೇಜು:
ಅಕ್ಕಾ, ಬೇಜಾರಾಯ್ತು. ಅವರ ರಿಪೋರ್ಟ್‌ನಲ್ಲಿ ಕಾರ್ಸಿನೋಸಾರ್ಕೋಮಾ ಅಂತಿತ್ತಾ? ವಯಸ್ಸಾದವರಲ್ಲಿ ಅದು ಹೆಚ್ಚು. ಹೆಸರಲ್ಲಿ ಸಾರ್ಕೋಮಾ ಇದ್ದರೂ ಈಗ ಅದನ್ನು ಕಾರ್ಸಿನೋಮಾ (ಒಳಪದರದ ಮೇಲ್ಮೈ ಕೋಶಗಳ ಕ್ಯಾನ್ಸರ್) ಜೊತೆಗೇ ಸೇರಿಸುತ್ತಾರೆ, ಚಿಕಿತ್ಸೆಯೂ ಬೇರೆ.

ವಿರಾಜಪೇಟೆಯವಳು:
ಹೌದು, ಅದೇ.

ಗೋಣಿಕೊಪ್ಪ ಅಮ್ಮ:
ನನಗೂ ಲೋ ಗ್ರೇಡೇ ಆಗಿತ್ತು ಮಗ. ರೊಬಸ್ಟಾ ಮುಗಿಯೋಷ್ಟರಲ್ಲಿ ಮಾರ್ಚ್ ಬರುತ್ತದೆ, ಅಲ್ಲಿವರೆಗೆ ಬೇಡ. ಲ್ಯಾಬ್‌ನಿಂದ ಸ್ಲೈಡ್, ಗಡ್ಡೆಯ ಚೂರು ಹುದುಗಿಸಿಟ್ಟ ಮೇಣದ ಬ್ಲಾಕ್ ಇಸ್ಕೊಂಡು ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಂಥ ಕಡೆ ಇನ್ನೊಮ್ಮೆ ಓದಿಸಿ. ಬ್ಲಾಕ್ ಮೇಲಿನ ನಂಬರ್ ರಿಪೋರ್ಟ್‌ಗೆ ಹೊಂದುತ್ತದಾ ಅಂತ ಕೌಂಟರ್‌ನಲ್ಲೇ ನೋಡಿ, ಬಿಸಿಲಲ್ಲಿ ಕಾರಿನೊಳಗೆ ಬಿಡಬೇಡಿ, ಮೇಣ ಕರಗುತ್ತದೆ. ಗಡ್ಡೆಯನ್ನು ಇಡಿಯಾಗಿ ತೆಗೆದರಾ, ಒಳಗೇ ಚೂರು ಮಾಡಿ ತೆಗೆದರಾ ಕೇಳಿ. ಚೂರು ಮಾಡಿದ್ದರೆ ಹೊಟ್ಟೆಯೊಳಗೆ ಹರಡಿರಬಹುದು. ಅಂಡಾಶಯದ ಮಾತು ಮೊದಲು ಎತ್ತಿ, ಅಲ್ಲಿ ತಯಾರಾಗುವ ಈಸ್ಟ್ರೋಜನ್ ಈ ಗಡ್ಡೆಗೆ ಗೊಬ್ಬರ ಇದ್ದ ಹಾಗೆ, ಅದಕ್ಕೇ ಸಾಮಾನ್ಯವಾಗಿ ಅದನ್ನೂ ತೆಗೆಸಿ ಅಂತಾರೆ. ಮೈ ಬಿಸಿ ಅಂತ ಈಸ್ಟ್ರೋಜನ್ ಮಾತ್ರೆ ನುಂಗೋದು ಬೇಡ, ಸ್ತನ ಕ್ಯಾನ್ಸರ್‌ಗೆ ಕೊಡುವ ಟಮಾಕ್ಸಿಫೆನ್ ಮಾತ್ರೆ ಕೂಡ ಇದಕ್ಕೆ ಆಗಲ್ಲ. 10 ವರ್ಷ ಕಳೆದ ಮೇಲೂ ಮರಳಿ ಬರಬಹುದು, ಚೆಕಪ್ ತಪ್ಪಿಸಬಾರದು. ಬಂದರೂ ಈಸ್ಟ್ರೋಜನ್ ತಗ್ಗಿಸುವ ಲೆಟ್ರೋಜೋಲ್ ಥರದ ಮಾತ್ರೆಗೆ ಎಷ್ಟೋ ಸಲ ಬಗ್ಗುತ್ತದೆ.

ಸುಂಟಿಕೊಪ್ಪ ಹುಡುಗ:
ಆಪರೇಷನ್ ನೋಟ್ಸ್‌ಗೂ ಅರ್ಜಿ ಬರೆದಿದ್ದೇನೆ ಅಮ್ಮ. ಎದೆ, ಹೊಟ್ಟೆ ಸಿಟಿ ಸ್ಕ್ಯಾನ್ ಇಲ್ಲೇ ಮಾಡಿಸಲಾ, ಅಲ್ಲಿ ಹೋದ ಮೇಲಾ?

ಗೋಣಿಕೊಪ್ಪ ಅಮ್ಮ:
ಅಲ್ಲೇ ಮಾಡಿಸಿ. ಇಲ್ಲಿ ಮಾಡಿಸಿದ್ದನ್ನು ನನಗೆ ಎರಡನೇ ಸಲ ಮಾಡಿದರು.