ವೀಣೆಗೆ ಮನೆಯಲ್ಲೇ ಪೆಟ್ಟಿಗೆ: ಯಾವ ಪ್ಲೈವುಡ್, ಯಾವ ಫೋಮ್?

ಮಲೆನಾಡಿನ ತಂತಿ:
ಎಲ್ಲರಿಗೂ ನಮಸ್ಕಾರ. ನನ್ನದು ಹಲಸಿನ ಮರದ ಸರಸ್ವತಿ ವೀಣೆ, ಉದ್ದ ನಾಲ್ಕು ಅಡಿಗಿಂತ ಸ್ವಲ್ಪ ಜಾಸ್ತಿ. ಇಷ್ಟು ದಿನ ಬಟ್ಟೆ ಚೀಲದಲ್ಲೇ ಇತ್ತು. ಈಗ ಶಿವಮೊಗ್ಗದಿಂದ ಬೆಂಗಳೂರಿಗೆ ಆಗಾಗ ರೈಲಿನಲ್ಲಿ ಒಯ್ಯಬೇಕು, ಅದಕ್ಕೆ ಗಟ್ಟಿ ಪೆಟ್ಟಿಗೆ ನಾನೇ ಮಾಡೋಣ ಅಂತಿದ್ದೇನೆ. 12 ಎಂಎಂ ಪ್ಲೈವುಡ್ ಮನೆಯಲ್ಲಿ ಇದೆ. ಒಳಗೆ ಥರ್ಮೋಕೋಲ್ ಸಾಕಾ, ಇಲ್ಲ ಸೋಫಾಗೆ ಹಾಕುವ ಸ್ಪಂಜ್ ತರಬೇಕಾ?

ಮರಗೆಲಸ:
12 ಎಂಎಂ ಬೇಡ ಸರ್. ಆ ಅಳತೆಗೆ ಖಾಲಿ ಪೆಟ್ಟಿಗೆಯೇ 15 ಕೆಜಿ ದಾಟುತ್ತದೆ, ರೈಲು ಹತ್ತಿಸುವಾಗ ಕೈ ಜಾರಿದರೆ ವೀಣೆಗೇ ಏಟು. 6 ಎಂಎಂ ಸಾಕು, ಮೂಲೆಗಳಿಗೆ ಒಳಗಿನಿಂದ ಮರದ ರೀಪು, ಹೊರಗಿನಿಂದ ಅಲ್ಯೂಮಿನಿಯಂ ಆ್ಯಂಗಲ್ ಹಾಕಿ. ಥರ್ಮೋಕೋಲ್ ಒಂದು ಏಟು ತಿಂದರೆ ಅಲ್ಲೇ ಕುಸಿಯುತ್ತದೆ, ಮತ್ತೆ ಉಬ್ಬುವುದಿಲ್ಲ. ರಬ್ಬರ್ ಅಂಟು ತಾಗಿದರೆ ಕರಗಿಯೇ ಹೋಗುತ್ತದೆ. ಸೋಫಾ ಸ್ಪಂಜ್ ತೀರಾ ಮೆತ್ತಗೆ, ಕೊಡದ (ವೀಣೆಯ ದುಂಡನೆಯ ದೊಡ್ಡ ಭಾಗದ) ಭಾರಕ್ಕೆ ಅದು ಪೂರ್ತಿ ಅಮುಕಿಕೊಂಡು ವೀಣೆ ಹಲಗೆಗೆ ತಾಗುತ್ತದೆ. ಟಿವಿ ಪ್ಯಾಕಿಂಗಿನಲ್ಲಿ ಬರುವ ಬಿಳಿ ಇಪಿಇ ಫೋಮ್ ಶೀಟುಗಳನ್ನು ಪದರ ಪದರವಾಗಿ ಅಂಟಿಸಿ, ವೀಣೆಯ ಆಕಾರಕ್ಕೆ ಕತ್ತರಿಸಿ. ಮೇಲೆ ತೆಳುವಾಗಿ ಸ್ಪಂಜ್ ಹಾಕಿ ಮಖಮಲ್ ಹೊದಿಸಿ.

ಬಿರಡೆ:
ಫೋಮ್ ಯಾವುದು ಅನ್ನುವಷ್ಟೇ ಮುಖ್ಯ, ಅದು ಎಲ್ಲಿ ತಾಗುತ್ತದೆ ಅನ್ನುವುದು. ಭಾರವೆಲ್ಲ ಕೊಡದ ತಳ ಮತ್ತು ದಂಡಿಯ (ಉದ್ದನೆಯ ಕತ್ತಿನ ಭಾಗದ) ಕೆಳಗೆ ಕೂರಬೇಕು. ಮೆಟ್ಟಿಲು (ಸ್ವರಸ್ಥಾನದ ಅಡ್ಡಪಟ್ಟಿ), ಕುದುರೆ (ಕೊಡದ ಮೇಲೆ ತಂತಿ ಹೊರುವ ಸೇತುವೆ), ಬಿರಡೆ (ತಂತಿ ಬಿಗಿಯುವ ತಿರುಪು), ಈ ಮೂರಕ್ಕೂ ಮುಚ್ಚಳದ ಫೋಮ್ ಒತ್ತಲೇಬಾರದು. 24 ಮೆಟ್ಟಿಲೂ ನಿಂತಿರುವುದು ಮೇಣದ ಮೇಲೆ ಅಲ್ವಾ, ಬಿಸಿಗೆ ಮೇಣ ಮೆತ್ತಗಾದಾಗ ಸ್ವಲ್ಪ ಒತ್ತಡ ಬಿದ್ದರೂ ಮೆಟ್ಟಿಲು ಅಲುಗಿ ಶ್ರುತಿ ಕೆಡುತ್ತದೆ, ಆಮೇಲೆ ಮತ್ತೆ ಮೇಣ ಕಟ್ಟಿಸಬೇಕು. ಹಾಗಾಗಿ ಹೊರಗೆ ಕಪ್ಪು ರೆಕ್ಸಿನ್ ಬೇಡ, ತಿಳಿ ಬಣ್ಣದ್ದು ಹಾಕಿ. ಬಿಸಿಲಲ್ಲಿ ನಿಂತ ಕಾರಿನಲ್ಲಿ ಪೆಟ್ಟಿಗೆ ಬಿಡಲೇಬೇಡಿ. ದಂಡಿಯ ಕೆಳಗಿನ ಸೋರೆಬುರುಡೆ ಬಿಚ್ಚಲು ಬಂದರೆ ಅದಕ್ಕೆ ಬೇರೆ ಗೂಡು ಮಾಡಿ, ಪೆಟ್ಟಿಗೆಯ ಎತ್ತರ ಎಷ್ಟೋ ಕಮ್ಮಿಯಾಗುತ್ತದೆ.

ಮಲೆನಾಡಿನ ತಂತಿ:
ತುಂಬಾ ಉಪಕಾರವಾಯ್ತು. ನಮ್ಮಲ್ಲಿ ಮಳೆಗಾಲ ಜೋರು. ಒಳಗೆ ಬೂಷ್ಟು ಬರದ ಹಾಗೆ ಏನು ಮಾಡಲಿ?

ಮರಗೆಲಸ:
ಅಂಟಿನ ವಾಸನೆ ಪೂರ್ತಿ ಹೋಗುವವರೆಗೆ ಮುಚ್ಚಳ ತೆರೆದಿಡಿ, ವೀಣೆ ಆಮೇಲೆ ಇಡಿ. ಸಿಲಿಕಾ ಜೆಲ್ ಪೊಟ್ಟಣ ಎರಡು ಮೂಲೆಯಲ್ಲಿ ಇರಲಿ, ಆದರೆ ಮರಕ್ಕೆ ನೇರ ತಾಗಬಾರದು. ಮನೆಯಲ್ಲಿದ್ದಾಗ ಪೆಟ್ಟಿಗೆಯಿಂದ ಹೊರಗಿಟ್ಟು ನುಡಿಸುತ್ತಿರಿ, ಸುಮ್ನೆ ತಿಂಗಳುಗಟ್ಟಲೆ ಮುಚ್ಚಿಡಬೇಡಿ. ಪ್ಲೈವುಡ್ ಕತ್ತರಿಸುವ ಮುಂಚೆ ಕೊಡದ ಅಗಲ, ದಂಡಿಯ ತುದಿಯಲ್ಲಿ ಕೆತ್ತಿದ ಯಾಳಿ ಮುಖದ ಎತ್ತರ ಎರಡೂ ಅಳೆದು ಇಲ್ಲಿ ಹಾಕಿ, ಕಟಿಂಗ್ ಲೆಕ್ಕ ನಾನು ಹಾಕಿಕೊಡುತ್ತೇನೆ.